ಜೆಡಿಡಾಯ ಹೆಸರಿನ ಬಗ್ಗೆ
ಮಗನಿಗೆ ಜೆಡಿಡಾಯ ಅಂತ ಇಡೋಣ ಅಂದುಕೊಂಡಿದ್ದೀರಿ, ಅದು ಎಲ್ಲಿಂದ ಬಂತು, ಜಾಸ್ತಿ ಜನ ಇಡುತ್ತಾರಾ ಅಂತ ಕೇಳಿದ್ದೀರಿ. ಹೀಬ್ರೂವಿನಲ್ಲಿ ಅದು ಯೆದೀದ್ಯಾ, ‘ದೇವರಿಗೆ ಪ್ರಿಯನಾದವನು’ ಅಂತ ಅರ್ಥ. ಬೈಬಲ್‌ನ 2 ಸಮುವೇಲ 12ನೇ ಅಧ್ಯಾಯ ನೋಡಿ: ದಾವೀದನ ಮಗ ಸೊಲೊಮೋನ ಹುಟ್ಟಿದಾಗ ಪ್ರವಾದಿ ನಾತಾನನ ಮೂಲಕ ದೇವರು ಕೊಟ್ಟ ಇನ್ನೊಂದು ಹೆಸರು ಇದು, ಆದರೆ ಆಮೇಲೆ ಅವನನ್ನು ಯಾರೂ ಹಾಗೆ ಕರೆದದ್ದು ಕಾಣುವುದಿಲ್ಲ, ಪಾಪ! ಯೋಸೇಫ ಜೋಸೆಫ್ ಆದ ಹಾಗೆ ಇಲ್ಲೂ ‘ಯ’ ಹೋಗಿ ‘ಜ’ ಬಂತು. ಬೈಬಲ್‌ನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಹೆಸರುಗಳನ್ನೇ ಹುಡುಕಿ ಇಡುತ್ತಿದ್ದ ಪ್ಯೂರಿಟನ್ನರಿಂದ (ಇಂಗ್ಲೆಂಡಿನಿಂದ ಬಂದ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರು) ಅಮೆರಿಕದಲ್ಲಿ ಇಂಥವು ಬೇರೂರಿದವು. ಟೆಲಿಗ್ರಾಫ್‌ನ ಸ್ಯಾಮುಯೆಲ್ ಮೋರ್ಸ್ ಅವರ ಅಪ್ಪ, 1761ರಲ್ಲಿ ಹುಟ್ಟಿದ ಪಾದ್ರಿ, ಜೆಡಿಡಾಯ ಮೋರ್ಸ್. ಈಗ ಅಲ್ಲೂ ಅಪರೂಪವೇ. ಉದ್ದ ಆಯ್ತು ಅನ್ನಿಸಿದರೆ ಸುಮ್ನೆ ಜೆಡ್ ಅನ್ನಿ, ಅಮೆರಿಕದವರೂ ಹಾಗೇ ಕರೆಯುತ್ತಾರೆ.