ಪ್ರಕರಣ: ಕಿಟ್ ನುಂಗಿದರೂ ಹೋಗದ ಉರಿ

ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ. ಇವರನ್ನು ಶಾಂತಾ ಎನ್ನೋಣ.

ವಯಸ್ಸು 36. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಆರು ವರ್ಷಗಳಿಂದ ಲೈಂಗಿಕ ಕೆಲಸ. ಗಿರಾಕಿಗಳು ಬರುವುದು ಫೋನಿನ ಮೂಲಕ. ಮಕ್ಕಳಾಗದ ಆಪರೇಷನ್ ಆಗಿದೆ. ದೂರು ಮೂರು: ಮೂತ್ರಕ್ಕೆ ಹೋದಾಗ ಉರಿ, ಕೆಲಸದ ಮರುದಿನ ಬಟ್ಟೆಗೆ ರಕ್ತದ ಕಲೆ, ಎರಡು ತಿಂಗಳಲ್ಲಿ ಮೂರು ಸಲ ಕಾಂಡೋಮ್ ಹರಿದದ್ದು. ಬಿಳಿ ಸೆರಗಿಗೆ ಕೊಡುವ ಹಸಿರು ಕಿಟ್ಟನ್ನು, ಅಂದರೆ ಮಾತ್ರೆಗಳ ಪೊಟ್ಟಣವನ್ನು, ವರ್ಷದಲ್ಲಿ ಎರಡು ಸಲ ತೆಗೆದುಕೊಂಡಿದ್ದರು. ಉರಿ ಹೋಗಿರಲಿಲ್ಲ.

ಇನ್ನೊಂದು ಮಾತನ್ನು ಅವರೇ ಹೇಳಿದರು: "ನನಗ ಯಾರ ಮ್ಯಾಲೂ ಆ ಆಸೆ ಅನ್ನೂದು ಹುಟ್ಟಿಲ್ರೀ ಅಕ್ಕಾರ. ಮದುವಿ ಆದಾಗೂ ಇರಲಿಲ್ಲ, ಈಗೂ ಇಲ್ಲ. ಧಂಧೆ ಅಂದ್ರ ಕೂಲಿ, ಅಷ್ಟ." ಹಿಂದೆ ಒಂದು ಕಡೆ ಇದನ್ನು ಹೇಳಿದಾಗ, ಗಂಡನ ಹೊಡೆತದಿಂದ ಹೀಗಾಗಿದೆ, ಹಾರ್ಮೋನ್ ನೋಡಿಸಿ ಎಂದಿದ್ದರಂತೆ. ಆಮೇಲೆ ಅವರು ಆ ವಿಷಯವನ್ನು ಯಾರೆದುರಿಗೂ ತೆಗೆದಿರಲಿಲ್ಲ. ಹೀಗೆ ಬಾಯಿ ಮುಚ್ಚಿಸಿದ್ದರಿಂದಲೇ ಉರಿಯ ಕಾರಣ ಎರಡು ವರ್ಷ ಸಿಗದೆ ಹೋಯಿತು.

ಹುಟ್ಟಿನಿಂದಲೂ ಲೈಂಗಿಕ ಆಕರ್ಷಣೆ ಇಲ್ಲದಿರುವುದು, ಅಂದರೆ ಏಸೆಕ್ಷುಯಲ್ ಆಗಿರುವುದು, ರೋಗವಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ (2013) ಕೂಡ, ತಮ್ಮನ್ನು ಹಾಗೆ ಗುರುತಿಸಿಕೊಳ್ಳುವವರಿಗೆ ಆಸಕ್ತಿ ಕೊರತೆಯ ಕಾಯಿಲೆ ಎಂಬ ಹಣೆಪಟ್ಟಿ ಹಚ್ಚಬಾರದು ಎನ್ನುತ್ತದೆ. ಮೊದಲು ಇದ್ದ ಆಸೆ ಈಚೆಗೆ ಕುಂದಿದ್ದರೆ ಮಾತು ಬೇರೆ. ಆಗ ಥೈರಾಯ್ಡ್, ಖಿನ್ನತೆ, ತೆಗೆದುಕೊಳ್ಳುವ ಮಾತ್ರೆಗಳನ್ನು ನೋಡಬೇಕು. ಶಾಂತಾ ಅವರಿಗೆ ಕೇಳಿದ್ದು ಎರಡೇ: ಇದರಿಂದ ನಿಮಗೆ ಬೇಸರವಿದೆಯೆ? ಈ ಕೆಲಸಕ್ಕೆ ಯಾರಾದರೂ ಬಲವಂತ ಮಾಡುತ್ತಿದ್ದಾರೆಯೆ? ಎರಡಕ್ಕೂ ಇಲ್ಲ ಎಂದರು.

ಹಾಗಾದರೆ ಉರಿ ಎಲ್ಲಿಂದ? ಏಸೆಕ್ಷುಯಲ್ ಆದವರೆಲ್ಲರ ದೇಹವೂ ಒಣಗಿರುತ್ತದೆ ಎಂದಲ್ಲ. ಮನಸ್ಸಿನ ಸೆಳೆತವಿಲ್ಲದೆಯೂ ಕೆಲವರಲ್ಲಿ ದೇಹ ಒದ್ದೆಯಾಗುತ್ತದೆ. ಇವರಲ್ಲಿ ಆಗುತ್ತಿರಲಿಲ್ಲ. ಒಣ ಚರ್ಮ ಉಜ್ಜಿ ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣ ಸೀಳು ಆಗುತ್ತದೆ. ಮೂತ್ರ ತಾಗಿದಾಗ ಉರಿ ಅಲ್ಲಿಂದಲೇ, ಎಚ್‌ಐವಿ ಮತ್ತು ಸಿಫಿಲಿಸ್‌ಗೆ ದಾರಿಯೂ ಅಲ್ಲೇ. ಕಾಂಡೋಮ್ ಹರಿಯುವುದೂ ಅದೇ ಉಜ್ಜಾಟಕ್ಕೆ. ನೋವು ತಡೆಯಲು ಅವರು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಎಣ್ಣೆ ತಾಗಿದ ರಬ್ಬರ್ ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸೋಪು ನೀರಿನಿಂದ ಒಳಗೆ ತೊಳೆಯುತ್ತಿದ್ದದ್ದು ಗಾಯವನ್ನು ಇನ್ನೂ ಕೆದಕಿತು.

ಹೇಳಿದ್ದು ಇಷ್ಟು. ನೀರಿನ ಆಧಾರದ ಲೂಬ್ರಿಕೆಂಟ್ (ಉಜ್ಜಾಟ ತಪ್ಪಿಸುವ ಜಾರಿಕೆಯ) ಜೆಲ್ಲನ್ನು ಗಿರಾಕಿ ಬರುವ ಐದು ನಿಮಿಷ ಮೊದಲು, ಬಚ್ಚಲಲ್ಲೇ, ಟೀ ಚಮಚದಷ್ಟು ಒಳಗೂ ಹೊರಗೂ ಹಚ್ಚಿಕೊಳ್ಳಿ. ಕಾಂಡೋಮ್ ಹಾಕಿದ ಮೇಲೆ ಅದರ ಹೊರಮೈಗೂ ಹಚ್ಚಿ. ಕಾಂಡೋಮಿನ ಒಳಗೆ ಹಾಕಿದರೆ ಅದು ಜಾರಿ ಕಳಚಬಹುದು. ಈ ಜೆಲ್ ಬೇಗ ಆರುತ್ತದೆ, ಆರಿದರೆ ಮತ್ತೆ ಹಚ್ಚಿ. ಸಿಲಿಕೋನ್ ಜೆಲ್ ಹೆಚ್ಚು ಹೊತ್ತು ಇರುತ್ತದೆ, ಬೆಲೆಯೂ ಹೆಚ್ಚು. ಗಂಡಸರೊಂದಿಗೆ ಲೈಂಗಿಕ ಸಂಬಂಧವಿರುವ ಗಂಡಸರಿಗೆ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಲೂಬ್ ಕೊಡುವುದು ಎಚ್‌ಐವಿ ತಡೆ ಯೋಜನೆಗಳಲ್ಲಿ ರೂಢಿ. ಹೆಂಗಸರು ಬಾಯಿಬಿಟ್ಟು ಕೇಳಬೇಕು, ಕೇಳಿ. ಎರಡು ಕಾಂಡೋಮ್ ಒಟ್ಟಿಗೆ ಬೇಡ. ಮರಗಟ್ಟಿಸುವ ಜೆಲ್ ಬೇಡವೇ ಬೇಡ, ನೋವು ಗೊತ್ತಾಗದಿದ್ದರೆ ಸೀಳೂ ಗೊತ್ತಾಗುವುದಿಲ್ಲ. ತೊಳೆಯುವುದು ಹೊರಗೆ ಮಾತ್ರ, ಬರೀ ನೀರಿನಲ್ಲಿ. ಗಾಯ ಮಾಯುವವರೆಗೆ ಕೈಯಿಂದ ಮಾಡುವ ಕೆಲಸವನ್ನಷ್ಟೇ ಒಪ್ಪಿಕೊಳ್ಳಿ.

ಆಪರೇಷನ್ ಬಸಿರನ್ನು ಮಾತ್ರ ತಡೆಯುತ್ತದೆ. ಇದನ್ನು ಎರಡು ಸಲ ಹೇಳಬೇಕಾಯಿತು. ಕೊನೆಯ ಬಾರಿ ಕಾಂಡೋಮ್ ಹರಿದು ಒಂಬತ್ತು ದಿನವಾಗಿತ್ತು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಆ ಅವಕಾಶ ಕೈತಪ್ಪಿತ್ತು. ಮುಂದೆ ಹರಿದರೆ ಅದೇ ದಿನ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಬೇಕು, ದಾರಿ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬೇಕು.

ರಕ್ತ ಕಾಣುತ್ತಿದ್ದುದರಿಂದ ಗರ್ಭಕೊರಳ ತಪಾಸಣೆ ತಪ್ಪಿಸುವಂತಿರಲಿಲ್ಲ. ನಾಲ್ಕು ವರ್ಷದಿಂದ ಅವರು ಒಳತಪಾಸಣೆಗೆ ಹೋಗಿರಲಿಲ್ಲ. "ಧಂಧೆ ಮಾಡೋಳಿಗೆ ಇದೇನು ನೋವು" ಎಂದು ಯಾರೋ ಅಂದಿದ್ದರು. ಸಣ್ಣ ಸ್ಪೆಕ್ಯುಲಮ್ (ಒಳಗೆ ನೋಡಲು ಇಡುವ ಸಲಕರಣೆ) ಕೇಳಬಹುದು, ತಾವೇ ಕೈಯಾರೆ ಇಟ್ಟುಕೊಳ್ಳಬಹುದು, ಸಾಕು ಎಂದಾಗ ನಿಲ್ಲಿಸಬೇಕು ಎಂದು ಮೊದಲೇ ಹೇಳಬಹುದು. ಲೈಂಗಿಕ ಸೋಂಕುಗಳನ್ನು ನೋಡುವ ಸರಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಜೊತೆಗೆ ಪೀರ್ (ಅದೇ ಸಮುದಾಯದ ಕಾರ್ಯಕರ್ತೆ) ಒಬ್ಬರು ಹೋದರು. ಯೋನಿಬಾಯಿಯ ಕೆಳಅಂಚಿನಲ್ಲಿ ಎರಡು ಸೀಳು ಕಂಡವು. ಸೋಂಕಿನ ಲಕ್ಷಣವಿರಲಿಲ್ಲ, ಗರ್ಭಕೊರಳು ಸರಿಯಿತ್ತು, ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ನೆಗೆಟಿವ್.

ಆರು ವಾರದ ನಂತರ ಉರಿ ಇಲ್ಲ, ಕಲೆ ಇಲ್ಲ, ಕಾಂಡೋಮ್ ಹರಿದಿಲ್ಲ. ಕಾಂಡೋಮ್ ಹರಿದ ದಿನದಿಂದ ಮೂರು ತಿಂಗಳಿಗೆ ಐಸಿಟಿಸಿಯಲ್ಲಿ (ಸರಕಾರದ ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಎಚ್‌ಐವಿ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಆಮೇಲೆ ಆರು ತಿಂಗಳಿಗೊಮ್ಮೆ ಆ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ಕ್ಲಿನಿಕ್ ತಪಾಸಣೆ.