ಕ್ಯಾರವಾನ್ ಸಿಂಕ್ ಕೆಳಗೆ ಸೋರುತ್ತಿದ್ದರೆ ಮೊದಲು ಪ್ರೆಶರ್ ನೋಡಿ

ಬೀದರ್ ಹತ್ತಿರದ ಹೊಲದಲ್ಲಿ ಕ್ಯಾರವಾನ್ (ಮನೆಯಂಥ ಗಾಡಿ) ನಿಲ್ಲಿಸಿ, ಬೋರ್‌ವೆಲ್ ಮೋಟರ್ ಲೈನನ್ನೇ ನೇರವಾಗಿ ಜೋಡಿಸಿದ ಮೇಲೆ ಸಿಂಕ್ ಕೆಳಗೆ ಸೋರುತ್ತಿದೆ ಅಂದಿದ್ದೀರಿ. ಜಾಯಿಂಟ್ ಬಿಗಿ ಮಾಡುವುದು ಆಮೇಲೆ. ಮೊದಲು ಆ ನೇರ ಲೈನ್ ತೆಗೆಯಿರಿ, ದಯವಿಟ್ಟು. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 3 ಬಾರ್ ಒತ್ತಡವೇ ಸಾಕು. ಆಳದ ಬೋರಿನ ಸಬ್‌ಮರ್ಸಿಬಲ್, ನಲ್ಲಿ ಮುಚ್ಚಿದ್ದಾಗ, ಅದಕ್ಕಿಂತ ಎಷ್ಟೋ ಜಾಸ್ತಿ ತಳ್ಳಬಹುದು. ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಕೊಡಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಅಷ್ಟೇ ಬರುತ್ತದೆ.

ಬೇರೆ ಕಡೆ ನಲ್ಲಿಗೆ ಜೋಡಿಸುವಾಗ ಪ್ರೆಶರ್ ರೆಗ್ಯುಲೇಟರ್ (ನೀರಿನ ಒತ್ತಡ ತಗ್ಗಿಸುವ ಸಾಧನ) ಬೇಕೇ ಬೇಕು. ಅದನ್ನು ಗಾಡಿ ಕಡೆಗಲ್ಲ, ನಲ್ಲಿ ಕಡೆಗೆ ಹಾಕಿ. ಆಗ ಮಧ್ಯದ ಪೈಪೂ ಉಳಿಯುತ್ತದೆ. ನಮ್ಮ ಕಡೆ ಬೇಸಿಗೆ ಬಿಸಿಲು ಗೊತ್ತಲ್ಲ, ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಉಬ್ಬುತ್ತದೆ. ಬೀದರ್ ಕೋಟೆ ನೋಡಲು ಹೊರಟರೆ ನಲ್ಲಿ ಬಂದ್ ಮಾಡಿಯೇ ಹೋಗಿ.