ಭರಣಿ ಖಾಲಿಯಾಗಿದೆ ಎಂದು ತಮ್ಮನಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 37 ವರ್ಷ. ಊರು ಶಿರಸಿ ಕಡೆಯ ಒಂದು ಹಳ್ಳಿ. ಮದುವೆಯಾಗಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ ಚೆನ್ನೈಯಲ್ಲಿದ್ದಾನೆ, ಅವನಿಗಿನ್ನೂ ಮದುವೆಯಾಗಿಲ್ಲ. ನಾಲ್ಕು ವರ್ಷದ ಹಿಂದೆ ಆಯಿ, ಅಂದರೆ ನಮ್ಮಮ್ಮ, ತೀರಿಕೊಂಡಳು. ಅವಳಿದ್ದಾಗ ದಿನಾ ರಾತ್ರಿ ಇಬ್ಬರಿಗೂ ಫೋನ್ ಮಾಡಿ ಊಟಕ್ಕೆ ಏನು ಎಂದು ಕೇಳುತ್ತಿದ್ದಳು. ಅವಳು ಹೋದ ಮೇಲೆ ಅದನ್ನು ನಾವಿಬ್ಬರೇ ಮುಂದುವರಿಸಿದೆವು. ರಾತ್ರಿ ಊಟದ ತಟ್ಟೆಯ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸುವುದು. ನಾನು ಇಲ್ಲಿ ಕಲಿತ ಪಿಠ್ಲ-ಭಾಕರಿ ಅವನಿಗೆ, ಅವನ ಮೆಸ್ಸಿನ ವತ್ತ ಕುಳಂಬು ನನಗೆ. ಇಬ್ಬರ ತಟ್ಟೆಯ ಅಂಚಿನಲ್ಲೂ ಆಯಿ ಹಾಕಿದ ಕೊನೆಯ ಅಪ್ಪೆಮಿಡಿ ಉಪ್ಪಿನಕಾಯಿ. ವೈಕುಂಠ ಸಮಾರಾಧನೆ ಮುಗಿಸಿ ಹೊರಡುವಾಗ ಆಳಿಗೊಂದು ಭರಣಿ ಹಂಚಿಕೊಂಡಿದ್ದೆವು. ತಮ್ಮನದು ಎರಡೇ ವರ್ಷದಲ್ಲಿ ಮುಗಿಯಿತು.

ಕಳೆದ ಫೆಬ್ರುವರಿಯಲ್ಲಿ ಗಂಡನಿಗೆ ನಾಗಪುರಕ್ಕೆ ವರ್ಗವಾಯಿತು. ತಿಂಗಳಿಗೆ ಎರಡು ಸಲ ಬಂದುಹೋಗುತ್ತಾರೆ. ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ರಾತ್ರಿ ಚಹಾ-ಬಿಸ್ಕತ್ತು, ಹೆಚ್ಚೆಂದರೆ ಮೊಸರನ್ನ. ತಮ್ಮನಿಗೆ ಮಾತ್ರ ಹಳೆಯ ಫೋಟೋಗಳನ್ನೇ ಕಳಿಸುತ್ತಿದ್ದೇನೆ. ಎಂಟು ತಿಂಗಳಾಯಿತು. ಆ ಫೋಟೋಗಳಲ್ಲೆಲ್ಲ ಮಿಡಿ ಇದೆ, ಭರಣಿಯಲ್ಲಿ ಇಲ್ಲ. ಈ ಮಳೆಗಾಲದಲ್ಲಿ ಉಳಿದದ್ದನ್ನೆಲ್ಲ ಒಂದೊಂದಾಗಿ ನಾನೇ ತಿಂದು ಮುಗಿಸಿದೆ. ತಳದಲ್ಲಿ ಒಂದಿಷ್ಟು ರಸವಿದೆ, ತೊಳೆಯಲು ಕೈ ಬಂದಿಲ್ಲ. ಈಗ ತಮ್ಮ, ‘ದೀಪಾವಳಿಗೆ ಪುಣೆಗೆ ಬರುತ್ತೇನೆ ಅಕ್ಕಾ, ಭರಣಿಯಲ್ಲಿ ಎಷ್ಟು ಮಿಡಿ ಉಳಿದಿವೆ? ನನಗೊಂದು ಎತ್ತಿಡು’ ಎಂದು ಬರೆದಿದ್ದಾನೆ. ಶಿರಸಿಯಿಂದ ಉಪ್ಪಿನಕಾಯಿ ತರಿಸಿ ಅದೇ ಭರಣಿಗೆ ತುಂಬಿಸಿಡಲೇ? ಅವನನ್ನು ನೋಯಿಸಲು ಇಷ್ಟವಿಲ್ಲ.
— ಅಕ್ಕ, ಪುಣೆ

ಉತ್ತರ: ಮೊದಲು ಎದ್ದು ಹೋಗಿ ಆ ಭರಣಿಯ ಮುಚ್ಚಳ ಭದ್ರವಾಗಿದೆಯೇ ನೋಡಿ ಬನ್ನಿ. ಅದರೊಳಗೆ ಏನನ್ನೂ ಸುರಿಯಬೇಡಿ. ಸರಿ-ತಪ್ಪಿನ ಮಾತು ಆಮೇಲೆ, ಇದು ಬರಿಯ ಉಪ್ಪಿನಕಾಯಿಯ ಮಾತು. ನಾಲ್ಕು ವರ್ಷ ಮಾಗಿದ ರಸದ ಮೇಲೆ ಅಂಗಡಿಯ ಹೊಸ ಉಪ್ಪಿನಕಾಯಿ ಬಿದ್ದರೆ ಅದೂ ಹೋಯಿತು, ಇದೂ ಹೋಯಿತು. ಖಾಲಿ ಎಂದು ನೀವು ಬರೆದಿರುವ ಭರಣಿಯಲ್ಲಿ ನಿಮ್ಮ ಆಯಿಯ ಕೈಯಡುಗೆ ಇನ್ನೂ ಎರಡು ಚಮಚ ಉಳಿದಿದೆ.

ಅದೂ ಅಲ್ಲದೆ, ನಿಮ್ಮ ಉಪಾಯ ನಡೆಯುವಂಥದ್ದಲ್ಲ. ಶಿರಸಿ ಕಡೆ ಹುಟ್ಟಿದವರಿಗೆ ಅಪ್ಪೆಮಿಡಿಯ ಬಗ್ಗೆ ನಾನು ಹೇಳಲು ಹೊರಡುವುದು ತಮಾಷೆ, ಆದರೂ ನಿಮಗೆ ಮರೆತಿರುವಂತಿದೆ. ಒಂದು ಮರದ ಮಿಡಿಯಂತೆ ಇನ್ನೊಂದು ಮರದ್ದಿರುವುದಿಲ್ಲ. ಜೀರಿಗೆಯ ಪರಿಮಳದ್ದಕ್ಕೆ ಜೀರಿಗೆ ಮಿಡಿ ಎಂದೇ ಹೆಸರು. ಅನಂತಭಟ್ಟನ ಅಪ್ಪೆ ಎಂದು ಒಂದು ಜಾತಿಗೆ ಮನುಷ್ಯನ ಹೆಸರೇ ಅಂಟಿಕೊಂಡಿದೆ. ಕೊಯ್ಯುವಾಗ ನೆಲಕ್ಕೆ ಬಿತ್ತೇ, ತೊಟ್ಟು ಉಳಿಯಿತೇ, ಸೊನೆ ಸೋರಿಹೋಯಿತೇ, ಉಪ್ಪಿನಲ್ಲಿ ಎಷ್ಟು ದಿನ ಚಿರುಟಿತು, ಸಾಸಿವೆ ಎಷ್ಟು, ಮೆಣಸು ಯಾವುದು, ಇಷ್ಟೂ ಸೇರಿ ಒಂದು ಮನೆಯ ಉಪ್ಪಿನಕಾಯಿ ಆಗುತ್ತದೆ. ಇಪ್ಪತ್ತೆಂಟು ವರ್ಷ ಅದನ್ನೇ ತಿಂದು ಬೆಳೆದವನಿಗೆ ಕಚ್ಚುವುದೂ ಬೇಡ, ತಟ್ಟೆಗೆ ಬಡಿಸುವಾಗಿನ ಪರಿಮಳವೇ ಸಾಕು. ಗೊತ್ತಾದ ಮೇಲೆ ಅವನು ಏನು ಮಾಡಿಯಾನು? ನಿಮ್ಮ ಮುಖ ನೋಡುತ್ತಾನೆ. ‘ಆಯಿಯದೇ ರುಚಿ’ ಎಂದು ಹೇಳಿ ಇನ್ನೊಂದು ಹಾಕಿಸಿಕೊಳ್ಳುತ್ತಾನೆ. ಅಲ್ಲಿಗೆ ನಿಮ್ಮ ಸುಳ್ಳನ್ನು ಹೊರುವ ಕೆಲಸ ಅವನದೂ ಆಗುತ್ತದೆ.

ಫೋಟೋಗಳ ವಿಷಯದಲ್ಲಿ ನಾನು ನಿಮ್ಮನ್ನು ಹೆಚ್ಚು ಬೈಯುವಂತಿಲ್ಲ. ಎಂಬತ್ತರ ದಶಕದಲ್ಲಿ ಧಾರವಾಡದ ಹಾಸ್ಟೆಲಿನಿಂದ ಮನೆಗೆ ನಾನು ಬರೆದ ಇನ್‌ಲ್ಯಾಂಡ್ ಪತ್ರಗಳಲ್ಲೆಲ್ಲ ‘ಇಲ್ಲಿ ಊಟ ಚೆನ್ನಾಗಿದೆ’ ಎಂಬ ಒಂದು ಸಾಲಿರುತ್ತಿತ್ತು. ಆ ಹಾಸ್ಟೆಲಿನ ಸಾರಿನಲ್ಲಿ ಬೇಳೆಯನ್ನು ಕಂಡವರಿರಲಿಲ್ಲ. ಮನೆಯಿಂದ ಬರುತ್ತಿದ್ದ ಪತ್ರಗಳಾದರೂ ‘ಉಭಯ ಕುಶಲೋಪರಿ ಸಾಂಪ್ರತ’ ಎಂದೇ ಶುರುವಾಗುತ್ತಿದ್ದವು. ನನ್ನ ತಂದೆ ಆಸ್ಪತ್ರೆಯಲ್ಲಿದ್ದ ಮೂರು ವಾರ ಬಂದ ಪತ್ರಗಳೂ ಹಾಗೆಯೇ ಶುರುವಾಗಿದ್ದವು ಎಂದು ನನಗೆ ತಿಳಿದದ್ದು ರಜೆಗೆ ಹೋದಾಗ. ದೂರದಲ್ಲಿರುವವರಿಗೆ ಕುಶಲವನ್ನಷ್ಟೇ ಕಳಿಸುವುದು ನಮ್ಮ ಹಳೆಯ ಅಭ್ಯಾಸ. ನಿಮ್ಮ ಮೊಬೈಲಿನಲ್ಲಿರುವ ಪಿಠ್ಲ-ಭಾಕರಿಯೂ ಒಂದು ಉಭಯ ಕುಶಲೋಪರಿ, ಅಷ್ಟೇ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ಆಯಿ ಫೋನ್ ಮಾಡುತ್ತಿದ್ದಳು, ನಾವು ಅದನ್ನೇ ಮುಂದುವರಿಸಿದೆವು ಎಂದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ‘ಊಟ ಆಯಿತೇ’ ಎಂದು ಯಾರು ಯಾರನ್ನು ಕೇಳುವುದಿಲ್ಲ ಹೇಳಿ. ಪಕ್ಕದ ಮನೆಯವರು, ಬ್ಯಾಂಕಿನ ಗುಮಾಸ್ತರು, ಮಧ್ಯಾಹ್ನ ಎರಡರ ಮೇಲೆ ಎದುರಾದ ಅರೆಪರಿಚಯದವರು, ಎಲ್ಲರೂ ಕೇಳುತ್ತಾರೆ. ‘ಆಯಿತು, ನಿಮ್ಮದು?’ ಎಂಬ ಒಂದೇ ಉತ್ತರ ಅದಕ್ಕೆ. ‘ಇಲ್ಲ, ಆಗಿಲ್ಲ, ಮಾಡಿಕೊಳ್ಳಲು ಮನಸ್ಸೇ ಇಲ್ಲ’ ಎಂದು ಹೇಳಬಹುದಾದವರು ಒಬ್ಬರಿಗೆ ಜನ್ಮದಲ್ಲಿ ಇಬ್ಬರೋ ಮೂವರೋ ಸಿಗುತ್ತಾರೆ. ನಿಮ್ಮ ಆಯಿ ಅಂಥವಳು. ರಾತ್ರಿ ಫೋನಿನಲ್ಲಿ ‘ಮೊಸರನ್ನ ತಿಂದೆ’ ಎಂದಿದ್ದರೆ ‘ಯಾಕೆ, ಜ್ವರವಾ?’ ಎಂದು ಕೇಳಿಯೇ ಕೇಳುತ್ತಿದ್ದಳು. ಏನೂ ಇಲ್ಲ ಎಂದರೂ ದನಿ ಹಿಡಿದುಬಿಡುತ್ತಿದ್ದಳು. ಫೋಟೋಕ್ಕೆ ದನಿ ಇಲ್ಲ. ನೀವಿಬ್ಬರೂ ಆಯಿಯ ಪ್ರಶ್ನೆಯಲ್ಲಿ ತಟ್ಟೆಯನ್ನು ಇಟ್ಟುಕೊಂಡಿರಿ, ‘ಯಾಕೆ’ಯನ್ನು ಬಿಟ್ಟುಬಿಟ್ಟಿರಿ.

ಇನ್ನೊಂದು ಸಂಶಯ. ನಿಮ್ಮ ತಮ್ಮನಿಗೆ ಇದು ಗೊತ್ತಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ನಾಲ್ಕು ವರ್ಷದಿಂದ ದಿನವೂ ನಿಮ್ಮ ತಟ್ಟೆ ನೋಡುತ್ತಿರುವವನಿಗೆ ಅದೇ ತಟ್ಟೆ, ಅದೇ ಬೆಳಕು, ಅದೇ ಮಡಚಿದ ಭಾಕರಿ ಎರಡನೆಯ ಸಲ ಬಂದಾಗ ಗುರುತು ಸಿಗದೇ? ‘ಎಷ್ಟು ಮಿಡಿ ಉಳಿದಿವೆ’ ಎಂಬುದು ಉಪ್ಪಿನಕಾಯಿಯ ಆಸೆಗೆ ಕೇಳಿದ್ದೂ ಇರಬಹುದು, ಬಾಗಿಲು ತಟ್ಟಿದ್ದೂ ಇರಬಹುದು. ಅಂಕಣ ಬರೆಯುವವರಿಗೆ ಪ್ರತಿ ಸಾಲಿನ ಹಿಂದೆಯೂ ಏನೋ ಇದೆ ಎಂದು ಅನ್ನಿಸುವ ಕಾಯಿಲೆ ಇರುತ್ತದೆ, ಆದ್ದರಿಂದ ನನ್ನ ಮಾತಿಗೆ ಒಂದಿಷ್ಟು ಸೋಡಿ ಬಿಡಿ. ಆದರೆ ಅವನು ನಿಮಗೆ ಕಳಿಸಿದ ಫೋಟೋಗಳನ್ನೂ ಒಮ್ಮೆ ಹಿಂದಕ್ಕೆ ತಿರುವಿ ನೋಡಿ. ಮೂವತ್ತೆರಡು ವರ್ಷದ ಒಂಟಿ ಗಂಡಸು ಪರ ಊರಿನಲ್ಲಿ ದಿನಾ ರಾತ್ರಿ ಅಷ್ಟು ಚೆನ್ನಾಗಿ ಉಣ್ಣುತ್ತಿದ್ದಾನೆ ಎಂದು ನೀವು ಹೇಗೆ ನಂಬಿದಿರಿ?

ಅವನು ರೈಲು ಹತ್ತುವ ಮುನ್ನವೇ ಹೇಳಿಬಿಡಿ. ಬಡಿಸುವ ಹೊತ್ತಿನಲ್ಲಿ ಬೇಡ. ನಿಮ್ಮ ಕಡೆ ದೀಪಾವಳಿ ಎಂದರೆ ದೊಡ್ಡಹಬ್ಬ. ಆ ಹಬ್ಬಕ್ಕೆ ಊರಿಗೆ ಹೋಗದೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕುಳಿತು ನಿಮ್ಮಲ್ಲಿಗೆ ಬರುವವನನ್ನು ಎಲೆಯ ಮುಂದೆ ಕೂರಿಸಿ ಬೆಚ್ಚಿಬೀಳಿಸುವುದು ತರವಲ್ಲ. ಇಂದು ರಾತ್ರಿ ನೀವು ನಿಜವಾಗಿ ಏನು ತಿನ್ನುತ್ತೀರೋ ಅದರ ಫೋಟೋ ಕಳಿಸಿ. ಬಿಸ್ಕತ್ತಾದರೆ ಬಿಸ್ಕತ್ತಿನ ಪೊಟ್ಟಣ. ಕೆಳಗೆ ಏನೂ ಬರೆಯಬೇಡಿ. ಅವನು ಫೋನ್ ಮಾಡುತ್ತಾನೆ. ಮಾಡದಿದ್ದರೆ ನೀವೇ ಮಾಡಿ. ‘ಫೆಬ್ರುವರಿಯಿಂದ ನಾನು ಕಳಿಸುತ್ತಿರುವುದು ಹಳೆಯ ಫೋಟೋಗಳು. ಒಬ್ಬಳಿಗೆ ಅಡುಗೆ ಮಾಡಿಕೊಳ್ಳಲು ಆಗುತ್ತಿಲ್ಲ. ಭರಣಿ ಮಳೆಗಾಲದಲ್ಲೇ ಮುಗಿಯಿತು’ ಎಂದು ಹೇಳಿ. ಮೂರು ವಾಕ್ಯ ಸಾಕು.

ಕ್ಷಮೆ ಕೇಳುವುದಾದರೆ ಫೋಟೋಗಳಿಗೆ ಮಾತ್ರ ಕೇಳಿ. ಮಿಡಿ ತಿಂದದ್ದಕ್ಕೆ ಬೇಡ. ಆ ಭರಣಿ ನಿಮ್ಮ ಪಾಲಿನದು. ಅವನು ತನ್ನ ಪಾಲನ್ನು ಎರಡು ವರ್ಷದಲ್ಲಿ ಮುಗಿಸಿದ, ನೀವು ನಾಲ್ಕು ವರ್ಷ ಎಳೆದಿರಿ. ಲೆಕ್ಕಕ್ಕೆ ಕೂತರೆ ಜಿಪುಣಿ ಎಂಬ ಹೆಸರು ಬಂದೀತೇ ಹೊರತು ಕಳ್ಳಿ ಎಂದಲ್ಲ. ಮಳೆ ಸುರಿಯುವ ರಾತ್ರಿ ಒಬ್ಬಳೇ ಕುಳಿತು ಮೊಸರನ್ನಕ್ಕೆ ಅಮ್ಮನ ಉಪ್ಪಿನಕಾಯಿ ನೆಂಚಿಕೊಂಡವಳನ್ನು ಯಾವ ತಮ್ಮನೂ ದೂರುವುದಿಲ್ಲ. ಎಂಟು ತಿಂಗಳು ತನ್ನಿಂದ ಮುಚ್ಚಿಟ್ಟದ್ದಕ್ಕೆ ಸಿಟ್ಟಾಗಬಹುದು, ನಾಲ್ಕು ದಿನ ಮಾತು ಬಿಡಬಹುದು. ಬಿಡಲಿ. ಆ ಸಿಟ್ಟು ಅವನ ಹಕ್ಕು.

ಈಗ ನನಗೆ ಉಪ್ಪಿನಕಾಯಿಗಿಂತ ಹೆಚ್ಚು ಚಿಂತೆಯಾಗಿರುವ ವಿಷಯ. ಎಂಟು ತಿಂಗಳ ಚಹಾ-ಬಿಸ್ಕತ್ತನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀರಿ. ಗಂಡನಿಗೆ ಗೊತ್ತೇ? ಅದನ್ನು ಬರೆದಿಲ್ಲ. ಅವರು ಬರುವ ಎರಡು ದಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ನಾಲ್ಕು ಬಗೆ ಮಾಡುತ್ತೀರಿ ಎಂದು ಊಹಿಸುತ್ತೇನೆ. ಅವರಿಗೂ ಹಳೆಯ ಫೋಟೋವನ್ನೇ ತೋರಿಸಿದಂತಾಯಿತು. ಅವರಿಗೂ ಹೇಳಿ. ಒಲೆಯ ಮೇಲಿನ ಬೇಸರ ಒಲೆಯ ಮೇಲಷ್ಟೇ ಇದ್ದರೆ ಅದು ಒಂಟಿತನ, ದಾರಿ ಸಿಗುತ್ತದೆ. ಆದರೆ ನಿದ್ದೆ ಕೆಟ್ಟಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಬೇರೆ ಯಾವುದರಲ್ಲೂ ರುಚಿ ಉಳಿದಿಲ್ಲದಿದ್ದರೆ, ಬೆಳಿಗ್ಗೆ ಏಳುವುದೇ ಭಾರವಾಗಿದ್ದರೆ ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಪುಣೆಯಿಂದಲೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತನಾಡಬಹುದು. ಆಯಿ ಹೋದ ದುಃಖ ನಾಲ್ಕು ವರ್ಷದ ಮೇಲೆ, ಮನೆ ಬರಿದಾದಾಗ, ಮತ್ತೆ ಎದ್ದು ಬಂದು ಕೂತರೂ ಆಶ್ಚರ್ಯವಿಲ್ಲ.

ಒಬ್ಬರಿಗೆ ಅಡುಗೆ ಮಾಡುವುದು ಬೇಸರದ ಕೆಲಸ ಎಂಬುದನ್ನು ನಾನು ಒಪ್ಪುತ್ತೇನೆ. ‘ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ’ ಎಂಬ ಉಪದೇಶದಿಂದ ಯಾರ ಮನೆಯ ಕುಕ್ಕರೂ ಕೂಗಿದ್ದಿಲ್ಲ. ಆದರೆ ನಿಮ್ಮ ಕಡೆಯ ಹೆಂಗಸರು ಇಂಥ ರಾತ್ರಿಗಳಿಗೆಂದೇ ತಂಬುಳಿ ಕಂಡುಹಿಡಿದಿದ್ದಾರೆ ಎಂದು ನನಗೆ ಬಲವಾದ ಗುಮಾನಿ. ಅರ್ಧ ಚಮಚ ಮೆಂತೆ, ಒಂದಿಷ್ಟು ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಒಂದು ಹಿಡಿ ಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವ ಗೋಜಿಲ್ಲ. ಇದು ನಿಮಗೆ ಗೊತ್ತಿರುವುದೇ. ವಾರಕ್ಕೆ ಒಂದೇ ರಾತ್ರಿ, ಮಂಗಳವಾರವೋ ಶುಕ್ರವಾರವೋ, ನೀವು ಅಲ್ಲಿ ಅವನು ಇಲ್ಲಿ, ಫೋನನ್ನು ಒಲೆಯ ಪಕ್ಕಕ್ಕೆ ನಿಲ್ಲಿಸಿಕೊಂಡು ಇಬ್ಬರೂ ಅದೊಂದನ್ನೇ ಮಾಡಿ. ಉಳಿದ ಆರು ದಿನ ಫೋಟೋ ಬೇಡ, ಎರಡು ನಿಮಿಷ ಮಾತನಾಡಿ. ‘ಇವತ್ತು ಏನೂ ಮಾಡಿಲ್ಲ’ ಎಂದು ಹೇಳಲು ಇಬ್ಬರಿಗೂ ಪರವಾನಗಿ ಇರಲಿ.

ಬರುವಾಗ ಅವನು ಏನು ತರಲಿ ಎಂದು ಕೇಳಿಯೇ ಕೇಳುತ್ತಾನೆ. ಮಿಠಾಯಿ ಬೇಡ ಎನ್ನಿ. ಚೆನ್ನೈಯ ಸೊಪ್ಪಿನ ಅಂಗಡಿಗಳಲ್ಲಿ ವಲ್ಲಾರೈ ಕೀರೈ ಎಂದು ಕಟ್ಟು ಕಟ್ಟಾಗಿ ಮಾರುತ್ತಾರಲ್ಲ, ಅದು ಬೇರೇನೂ ಅಲ್ಲ, ನಿಮ್ಮ ಹಿತ್ತಲಿನ ಒಂದೆಲಗ. ಬೇರು ಇರುವ ನಾಲ್ಕು ಬಳ್ಳಿ ಆರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲು ಹೇಳಿ. ಸ್ವಲ್ಪ ನೆರಳು, ಆರದ ತೇವ ಇದ್ದರೆ ಪುಣೆಯ ಬಾಲ್ಕನಿಯ ಕುಂಡದಲ್ಲೂ ಅದು ಹಬ್ಬುತ್ತದೆ.

ಹೊಸ ಉಪ್ಪಿನಕಾಯಿಯ ಮಾತು ಮಿಡಿ ಬರುವ ಕಾಲಕ್ಕೆ ಇರಲಿ. ಫೆಬ್ರುವರಿ-ಮಾರ್ಚಿನಲ್ಲಿ ಇಬ್ಬರೂ ಊರಿಗೆ ಹೋಗಲು ಸಾಧ್ಯವಾದರೆ ಹೋಗಿ, ಆಯಿ ಯಾವ ಮರದ ಮಿಡಿ ಕೊಯ್ಯಿಸುತ್ತಿದ್ದಳು ಎಂದು ಬಲ್ಲವರು ಇನ್ನೂ ಇದ್ದಾರು. ಅದು ಆಯಿಯ ಉಪ್ಪಿನಕಾಯಿ ಆಗುವುದಿಲ್ಲ. ಖಾರ ಹೆಚ್ಚಾಗಿ ಇಬ್ಬರೂ ಜಗಳವಾಡುತ್ತೀರಿ.

ಅದಕ್ಕೂ ಮೊದಲು, ಅವನು ಬಂದ ಮೊದಲ ದಿನ ಆ ಭರಣಿ ತೆಗೆಯಿರಿ. ಬೂಸಲು ಹಿಡಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಉಪ್ಪಿನಕಾಯಿಗೆ ರುಬ್ಬಿದ ದಿನ ಒರಳಿಗೆ ಬಿಸಿ ಅನ್ನ ಹಾಕಿ ಕಲಸಿಕೊಡುತ್ತಿದ್ದ ನೆನಪು ನಿಮಗಿಬ್ಬರಿಗೂ ಇರಬೇಕು, ನಿಮ್ಮ ಕಡೆಯ ಮಕ್ಕಳು ಅದಕ್ಕೆ ಕಾದು ಕೂರುತ್ತಿದ್ದರಂತೆ. ಹಾಗೆಯೇ ಬಿಸಿ ಅನ್ನ, ಒಂದು ಚಮಚ ತುಪ್ಪ ಭರಣಿಗೇ ಹಾಕಿ, ಗೋಡೆಗೆ ಅಂಟಿದ್ದೂ ಬಿಡದಂತೆ ಕಲಸಿ, ಇಬ್ಬರಿಗೂ ಎರಡೆರಡು ತುತ್ತು ಬರುತ್ತದೆ. ಆಮೇಲೆ ಭರಣಿ ತೊಳೆಯುವವರು ಯಾರು ಎಂಬುದನ್ನು ನಾನು ಹೇಳಲಾರೆ, ಅದನ್ನು ನೀವಿಬ್ಬರೇ ತೀರ್ಮಾನಿಸಿಕೊಳ್ಳಿ.